ಆಯಿಯ ಸೋಮವಾರದ ಗುಳಿಗೆ

ಮೊನ್ನೆ ಮಗಳು ನನಗೊಂದು ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಳು. ಅದರಲ್ಲಿ ಏಳು ಪುಟ್ಟ ಖಾನೆಗಳು, ಒಂದೊಂದರ ಮುಚ್ಚಳದ ಮೇಲೆ ಒಂದೊಂದು ವಾರದ ಹೆಸರು. "ಅವ್ವಾ, ಇನ್ನ ಮರಿಯೂ ಮಾತ ಇಲ್ಲ. ಯಾವ ವಾರ ಐತಿ ನೋಡೂದು, ಮುಚ್ಚಳ ತಗಿಯೂದು, ನುಂಗೂದು" ಎಂದು ಎರಡೆರಡು ಸಲ ತೆಗೆದು ಮುಚ್ಚಿ ತೋರಿಸಿದಳು. ಅರ್ಧ ಆಯುಷ್ಯ ಔಷಧದಂಗಡಿಯಲ್ಲೇ ನಿಂತು ಕಳೆದವಳಿಗೆ ಗುಳಿಗೆ ನುಂಗುವುದನ್ನು ಕಲಿಸುತ್ತಿದ್ದಾಳೆ! ಸಿಟ್ಟು ಬರಬೇಕಾಗಿತ್ತು, ಆದರೆ ಬರಲಿಲ್ಲ. ಇವಳ ವಯಸ್ಸಿನಲ್ಲಿ ನಾನೂ ಇದೇ ಪಾಠವನ್ನು ನಮ್ಮ ಆಯಿಗೆ, ಎಂದರೆ ಅಪ್ಪನ ಅವ್ವನಿಗೆ, ಹೇಳಿಕೊಟ್ಟಿದ್ದೆ. ಅದರ ಫಲ ಏನಾಯಿತೆಂಬುದನ್ನು ಮಗಳಿಗೆ ಈವರೆಗೆ ಹೇಳಿಲ್ಲ. ನಿಮಗಾದರೆ ಹೇಳಬಹುದು, ನೀವೇನು ನನ್ನ ಮುಂದೆ ಡಬ್ಬಿ ಹಿಡಿದು ನಿಂತಿಲ್ಲವಲ್ಲ.

ಆದರೆ ಆಯಿಯ ಮಾತಿಗೆ ಬರುವ ಮೊದಲು ಬಾಟಲಿಯ ಮಾತು ಆಗಲೇಬೇಕು. ಎಂಬತ್ತರ ದಶಕದಲ್ಲಿ ಐನಾಪುರದಂಥ ಊರಿನಲ್ಲಿ ಜಡ್ಡಾಗಿದ್ದವರಿಗೆ ನೆನಪಿರುತ್ತದೆ. ದವಾಖಾನೆಗೆ ಹೋಗುವಾಗ ಮನೆಯಿಂದಲೇ ಬಾಟಲಿ ಒಯ್ಯಬೇಕಾಗಿತ್ತು. ಅದು ಎಣ್ಣೆಯದೋ, ಸಾರಾಯಿಯದೋ, ಬೂದಿ ಹಾಕಿ ತಿಕ್ಕಿ ತೊಳೆದರಾಯಿತು. ಡಾಕ್ಟರು ಎದೆ ಬೆನ್ನು ಮುಟ್ಟಿ ನೋಡಿ ಚೀಟಿ ಬರೆಯುತ್ತಿದ್ದರು. ಒಳಗೆ ಕಂಪೌಂಡರ್ ದಸ್ತಗೀರ ಕಾಕಾ ಮೂರು ದೊಡ್ಡ ಜಾಡಿಗಳಿಂದ ಮೂರು ಬಣ್ಣದ ನೀರು ಬೆರೆಸಿ ನಮ್ಮ ಬಾಟಲಿ ತುಂಬುತ್ತಿದ್ದ. ಆಮೇಲೆ ಅವನ ಕೈಚಳಕ ಶುರುವಾಗುತ್ತಿತ್ತು. ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಸಿ ಮಡಿಸಿ, ಎರಡೂ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ ಬಿಚ್ಚಿದರೆ, ಹಬ್ಬಕ್ಕೆ ಕಟ್ಟುವ ಪರಪರಿಯಂತೆ ಹಲ್ಲುಹಲ್ಲಾಗಿ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೆ ಅಂಟು ಸವರಿ ಬಾಟಲಿಗೆ ನೆಟ್ಟಗೆ ಅಂಟಿಸಿ, "ಒಂದ ಹೊತ್ತಿಗೆ ಒಂದ ಹಲ್ಲ ಇಳೀಬೇಕು, ಅಷ್ಟ" ಎನ್ನುತ್ತಿದ್ದ. ಓದು ಬರಹ ಬಾರದವರಿಗೂ ತಿಳಿಯುವ ಲೆಕ್ಕ ಅದು.

ತಿಳಿಯುತ್ತಿತ್ತು, ಆದರೆ ಪಾಲಿಸುವವರು ಯಾರು? ನಮ್ಮಪ್ಪನ ಗಣಿತವೇ ಬೇರೆ. ಒಂದು ಹಲ್ಲಿಗೆ ಮೂರು ದಿನದಲ್ಲಿ ಕೆಮ್ಮು ಹೋಗುವುದಾದರೆ, ಎರಡು ಹಲ್ಲಿಗೆ ಒಂದೂವರೆ ದಿನದಲ್ಲಿ ಹೋಗಲೇಬೇಕು. ಹಾಗೆ ಅವನು ಮುಂಜಾನೆಯೇ ಎರಡು ಹಲ್ಲು ಇಳಿಸಿ ಹೊಲಕ್ಕೆ ಹೋದರೆ ಮಧ್ಯಾಹ್ನ ಬದುವಿನ ಮೇಲೆ ನಿದ್ದೆ. ನಾನು ಇನ್ನೊಂದು ತೆರನವಳು. ಹೊಟ್ಟೆಯ ಔಷಧ ಗುಲಾಬಿ ಬಣ್ಣದ್ದು, ಸಿಹಿ, ಬಾಯಲ್ಲಿ ತಣ್ಣಗಾಗುವಂಥದ್ದು. ಅವ್ವನಿಗೆಂದು ತಂದಿದ್ದನ್ನು ಕದ್ದು ಕುಡಿದು, ಹಲ್ಲಿನ ಗುರುತು ಸರಿಹೋಗುವಂತೆ ಕೊಡದ ನೀರು ಬೆರೆಸಿಡುತ್ತಿದ್ದೆ. ಆ ಸಲ ಅವ್ವನ ಹೊಟ್ಟೆನೋವು ಬಾಟಲಿ ಮುಗಿದರೂ ಹೋಗಲಿಲ್ಲ. "ದಸ್ತಗೀರನ ಕೈಗುಣ ಹೋತು" ಎಂದು ಅವಳು ಓಣಿಯಲ್ಲಿ ಹೇಳಿಕೊಂಡು ಬಂದಳು. ಮುಂದೆ ಔಷಧದ ಅಂಗಡಿ ಇಡುವವಳ ಬಾಲಲೀಲೆ ಇದು.

ಇನ್ನು ಗುಳಿಗೆಯ ಮಾತು. ಮಕ್ಕಳಿಗೆ ಎಷ್ಟು ಕೊಡಬೇಕೆಂಬುದಕ್ಕೆ ಆಯಿಯ ಹತ್ತಿರ ಭದ್ರವಾದ ಸೂತ್ರವಿತ್ತು: ಬಸ್ಸಿನಲ್ಲಿ ಅರ್ಧ ಟಿಕೀಟು ತೆಗೆಸುವ ಕೂಸಿಗೆ ಅರ್ಧ ಗುಳಿಗೆ. ಕಂಡಕ್ಟರ್ ಯಾವಾಗ ಪೂರ್ತಿ ಟಿಕೀಟು ಹರಿಯುತ್ತಾನೋ ಆವತ್ತಿನಿಂದ ಪೂರ್ತಿ ಗುಳಿಗೆ. ಅರ್ಧ ಮಾಡುವುದು ಅಡಿಕೆ ಕತ್ತರಿಸುವ ಅಡಕೊತ್ತಿನಿಂದ. ಕಟ್ ಎಂದರೆ ಒಂದು ಚೂರು ಅವಳ ಕೈಯಲ್ಲಿ, ಇನ್ನೊಂದು ಜೋಳದ ಚೀಲದ ಸಂದಿಯಲ್ಲಿ. ಕೈಯಲ್ಲಿದ್ದದ್ದು ಅರ್ಧವೋ ಮುಕ್ಕಾಲೋ ಆ ಶಿವನಿಗೇ ಗೊತ್ತು. ಜ್ವರ ಇಳಿದ ಕೂಡಲೇ ಉಳಿದ ಗುಳಿಗೆಗಳೆಲ್ಲ ಗೋಡೆಯ ಮಾಡದೊಳಗೆ ಜಮಾ. ಐದು ದಿನ ನುಂಗಿರೆಂದು ಡಾಕ್ಟರು ಹೇಳಿದ್ದರೆ ನಮ್ಮ ಮನೆಯಲ್ಲಿ ಎರಡು ದಿನ ನುಂಗುತ್ತಿದ್ದೆವು. ಮಿಕ್ಕಿದ್ದು ಮುಂದೆ ಯಾರಿಗೆ ಏನಾದರೂ ಆದರೆ ಇರಲಿ ಎಂದು. "ಕೆಂಪಂದು ಜ್ವರಕ್ಕ, ಹಳದೀದು ಹೊಟ್ಟಿಗೆ" ಎಂದು ನೆರೆಮನೆಯವರಿಗೂ ಆಯಿ ಧಾರಾಳವಾಗಿ ಹಂಚುತ್ತಿದ್ದಳು. ಯಾರಿಗೂ ಏನೂ ಆಗಲಿಲ್ಲ ಎಂಬುದು ನನಗೆ ಇವತ್ತಿಗೂ ಸೋಜಿಗ.

ಇಂಥ ಆಯಿಗೆ ಸಕ್ಕರೆ ಬ್ಯಾನಿ ಬಂತು. ನಾನು ಆಗಷ್ಟೇ ಹೈಸ್ಕೂಲು ಮುಗಿಸಿದ್ದೆ. ಡಾಕ್ಟರು ದಿನಕ್ಕೊಂದು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು. ಆಯಿ ಅವನ್ನು ತನ್ನ ಹಳೆಯ ತಪಕೀರಿನ ಡಬ್ಬಿಯಲ್ಲಿ ಸುರುವಿಕೊಂಡಳು. ಹಲ್ಲಿಗೆ ತಿಕ್ಕಲು ನಿಪ್ಪಾಣಿಯ ಹೊಗೆಸೊಪ್ಪಿನ ಪುಡಿ ಇಡುತ್ತಿದ್ದ ಡಬ್ಬಿ ಅದು. ಗುಳಿಗೆ ನುಂಗಿದರೆ ಸೀನು ಬರುತ್ತಿತ್ತು.

ದಸ್ತಗೀರ ಕಾಕಾ ಆ ಡಬ್ಬಿಗೂ ಒಂದು ಹಲ್ಲಿನ ಪಟ್ಟಿ ಅಂಟಿಸಿದ್ದ. ಏಳು ದಿನಕ್ಕೆ ಏಳು ಹಲ್ಲು. ಜೊತೆಗೆ ಬಾಯಿಪಾಠ ಮಾಡಿಸಿದ್ದ: "ಆಯಿ, ಮೊದಲ ಗಂಗಾಳ ಮುಂದ ಬರಲಿ, ಆಮ್ಯಾಲ ಗುಳಗಿ. ಗಂಗಾಳ ಇಲ್ಲಂದ್ರ ಗುಳಗಿ ಇಲ್ಲ." ಉಣ್ಣುವ ತಟ್ಟೆಗೆ ನಮ್ಮ ಕಡೆ ಗಂಗಾಳ ಎನ್ನುತ್ತೇವೆ. ಇದನ್ನು ಅವನು ಹೇಳಲು ಕಾರಣವಿತ್ತು. ರಂಜಾನ್ ತಿಂಗಳು ಬಂದರೆ ಅವನ ಕೆಲಸ ಇಮ್ಮಡಿ. ರೋಜಾ ಹಿಡಿದವರು ಮೂರು ಹೊತ್ತಿನ ಔಷಧವನ್ನು ಯಾವಾಗ ನುಂಗಬೇಕು? ಅವನು ಒಬ್ಬೊಬ್ಬರದನ್ನೂ ಡಾಕ್ಟರಿಗೆ ಕೇಳಿ, ನಸುಕಿನ ಊಟಕ್ಕೆ ಯಾವುದು, ಸಂಜೆ ರೋಜಾ ಬಿಡುವಾಗ ಯಾವುದು, ಯಾರು ರೋಜಾ ಹಿಡಿಯಲೇಬಾರದು ಎಂದು ಬೇರೆ ಬೇರೆ ಪಟ್ಟಿ ಕತ್ತರಿಸುತ್ತಿದ್ದ. ಹಸಿದ ಹೊಟ್ಟೆಗೂ ಔಷಧಕ್ಕೂ ಏನು ಸಂಬಂಧ ಎಂಬುದನ್ನು ಅವನು ಪುಸ್ತಕದಿಂದ ಕಲಿತವನಲ್ಲ, ತಾನೇ ಉಪವಾಸವಿದ್ದು ಕಲಿತವನು.

ಆಯಿಯೂ ಉಪವಾಸದವಳೇ. ಬೇರೆ ಸೋಮವಾರಗಳಂದು ಶಾಬೂದಾನಿ ಖಿಚಡಿ, ಶೇಂಗಾ, ಬಾಳೆಹಣ್ಣು ಎಂದು ನಾವು ಉಣ್ಣುವುದಕ್ಕಿಂತ ಎರಡು ತುತ್ತು ಹೆಚ್ಚೇ ತಿನ್ನುತ್ತಿದ್ದಳು. ಆದರೆ ಶ್ರಾವಣದ ಸೋಮವಾರ ಮಾತ್ರ ನಿರಂಕಾರ. ಸಂಜೆ ಶಿವನ ಗುಡಿಗೆ ಹೋಗಿಬರುವ ತನಕ ನೀರಿನ ಹನಿಯನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಶ್ರಾವಣ ಹತ್ತಿರ ಬಂತೆಂದರೆ ದಸ್ತಗೀರ ಕಾಕಾ ಕತ್ತರಿ ಹಿಡಿದು ಮನೆಗೇ ಬಂದು, ಡಬ್ಬಿಯ ಪಟ್ಟಿಯಲ್ಲಿ ಸೋಮವಾರದ ಹಲ್ಲನ್ನು ಬುಡಕ್ಕೆ ಕತ್ತರಿಸಿ ಹೋಗುತ್ತಿದ್ದ. ಆಯಿ ಬೆರಳಿನಿಂದ ತಡವಿ ನೋಡಿದರೆ ಸಾಕು, ಆ ದಿನ ಬೋಳು.

ಈ ಹೊತ್ತಿಗೆ ನಾನು ನಿಪ್ಪಾಣಿಯಲ್ಲಿ ಡಿ.ಫಾರ್ಮ್ ಓದಲು ಹೋಗಿದ್ದೆ. ಹೋಗಿದ್ದೆ ಎಂದು ಒಂದೇ ಮಾತಿನಲ್ಲಿ ಹೇಳಿದೆ, ಅದು ಅಷ್ಟು ಸಲೀಸಾಗಿರಲಿಲ್ಲ. ಹೆಣ್ಣು ಹುಡುಗಿ ಪರ ಊರಿನಲ್ಲಿ ಇದ್ದು ಕಲಿಯುವುದು, ಆಮೇಲೆ ಅಂಗಡಿಯಲ್ಲಿ ಗಂಡಸರ ಮುಂದೆ ನಿಂತು ಔಷಧ ಕೊಡುವುದು ಅಪ್ಪನಿಗೆ ಸುತರಾಂ ಒಪ್ಪಿಗೆ ಇರಲಿಲ್ಲ. ಹಟ ಹಿಡಿದವಳು ಆಯಿ. "ನನಗ ಅಕ್ಷರ ಬರಾಂಗಿಲ್ಲ, ಯಾರರೆ ಓದಿ ಹೇಳವರು ಮನ್ಯಾಗ ಬೇಕೋ ಬ್ಯಾಡೋ?" ಎಂದು ಎರಡು ದಿನ ಮಗನ ಜೊತೆ ಮಾತು ಬಿಟ್ಟಳು. ಅಪ್ಪ ಕೊನೆಗೆ, "ಹೋಗ್ಲಿ. ಆದ್ರ ಒಂದ ತಪ್ಪ ಕಿವಿಗೆ ಬಿತ್ತಂದ್ರ ಅವತ್ತ ಗಂಟು ಮೂಟಿ ಕಟ್ಟಿ ವಾಪಸ್" ಎಂದು ಕಳಿಸಿದ. ನನ್ನ ಮದುವೆಯ ಮಾತು ಆಗಲೇ ರಾಯಬಾಗದ ಕಡೆ ಒಂದು ಮನೆಯಲ್ಲಿ ನಡೆದಿತ್ತು. ಗಂಟು ಮೂಟೆ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ವರ್ಷ ಓದಿದೆ ನೋಡಿ, ತಲೆಗೆ ಕೊಂಬು ಬಂತು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂಬ ಐದು ಸೂತ್ರಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಮಕ್ಕಳ ಪ್ರಮಾಣವನ್ನು ವಯಸ್ಸಿನಿಂದ ಭಾಗಿಸಿ ತೆಗೆಯುವ ಲೆಕ್ಕ ಬರುತ್ತಿತ್ತು. ಅದನ್ನು ಆಯಿಯ ಬಸ್ ಟಿಕೀಟಿನ ಸೂತ್ರದ ಪಕ್ಕದಲ್ಲಿಟ್ಟು ಹಾಸ್ಟೆಲ್ಲಿನ ಗೆಳತಿಯರಿಗೆ ಹೇಳಿ ನಗಿಸುತ್ತಿದ್ದೆ. ನಾಗರಪಂಚಮಿಗೆಂದು ಚಿಕ್ಕೋಡಿ ಮೇಲಿನ ಬಸ್ಸು ಹಿಡಿದು ಊರಿಗೆ ಬಂದವಳು, ಚೀಲ ಇಳಿಸಿದ್ದೇ ಮಾಡದೊಳಗಿನ ಗುಳಿಗೆಗಳನ್ನೆಲ್ಲ ಬಾಚಿ ತಿಪ್ಪೆಗೆ ಎಸೆದೆ. ಅವ್ವ ಹೌಹಾರಿದಳು. ಆಮೇಲೆ ತಪಕೀರಿನ ಡಬ್ಬಿ ಕಣ್ಣಿಗೆ ಬಿತ್ತು. ಅದರ ಪಟ್ಟಿಯಲ್ಲಿ ಆರೇ ಹಲ್ಲು, ಒಂದು ಕಡೆ ಬೋಳು. ಕಾಕಾನ ಕತ್ತರಿಯ ಕೆಲಸ ನನಗೆ ಆಗ ಗೊತ್ತಿರಲಿಲ್ಲ, ಇಲಿ ತಿಂದಿರಬೇಕು ಎಂದುಕೊಂಡೆ. ಪಟ್ಟಿ ಕಿತ್ತು, ಡಬ್ಬಿ ತೊಳೆದು, ಬಿಳಿ ಕಾಗದದ ಮೇಲೆ ದುಂಡಗೆ ಬರೆದು ಅಂಟಿಸಿದೆ: "ಪ್ರತಿದಿನ ಮುಂಜಾನೆ ಏಳು ಗಂಟೆಗೆ ಒಂದು. ತಪ್ಪಿಸಬಾರದು." ಕೆಳಗೆ ಅಡ್ಡಗೆರೆ ಬೇರೆ ಎಳೆದಿದ್ದೆ.

ಪಂಚಮಿ ಮುಗಿದ ಮೇಲೆ ಬಂದದ್ದು ಶ್ರಾವಣ ಸೋಮವಾರ. ಅಪ್ಪ, ಅವ್ವ ಹೊಲಕ್ಕೆ ಹೋಗಿದ್ದರು. ಏಳು ಗಂಟೆಗೆ ಸರಿಯಾಗಿ ಡಬ್ಬಿ ಹಿಡಿದು ಆಯಿಯ ಮುಂದೆ ನಿಂತೆ.

"ಇವತ್ತ ಬ್ಯಾಡ ತಂಗಿ. ಸೋಮವಾರ ಐತಿ. ದಸ್ತಗೀರ ಬ್ಯಾಡ ಅಂದಾನ" ಎಂದಳು ಆಯಿ.

"ದಸ್ತಗೀರ ಕಾಕಾ ಏನ ಕಾಲೇಜ ಕಲತಾನೇನ ಆಯಿ? ದಿನಾ ಅಂದ್ರ ದಿನಾ. ಸೋಮವಾರ ಬಂತಂತ ಸಕ್ರಿ ಬ್ಯಾನಿ ಸೂಟಿ ಮ್ಯಾಲ ಹೋಗತೈತೇನ?"

"ನಾ ನೀರ ಸೈತ ಮುಟ್ಟಾಂಗಿಲ್ಲ ಬೇ."

"ಹಂಗಾರ ನೀರಿಲ್ದ ನುಂಗು."

ಆಯಿ ನನ್ನ ಮುಖ ನೋಡಿದಳು. "ಕಲತಾಕಿ ನೀ. ನೀ ಹೇಳತಿ ಅಂದ್ರ ಖರೇನ ಇರಬೇಕ" ಎಂದು ಗುಳಿಗೆಯನ್ನು ನಾಲಿಗೆಯ ಹಿಂದೆ ಇಟ್ಟುಕೊಂಡು, ಕುತ್ತಿಗೆ ಎತ್ತಿ, ಒಣಗಂಟಲಿನಲ್ಲೇ ನುಂಗಿದಳು. ನಾನು ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದವಳ ಹಾಗೆ ಡಬ್ಬಿಯನ್ನು ಮಾಡದಲ್ಲಿಟ್ಟೆ.

ಹತ್ತು ಗಂಟೆಯ ಹೊತ್ತಿಗೆ ಆಯಿ ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಲ್ಲಿದ್ದ ಅಕ್ಕಿ ನೆಲಕ್ಕೆ ಬೀಳುತ್ತಿತ್ತು. ಕೈ ನಡುಗುತ್ತಿತ್ತು. ಮಳೆಗಾಲದ ತಂಪಿನಲ್ಲೂ ಹಣೆಯಿಂದ ಬೆವರು ಇಳಿದು ಸೀರೆಯ ಸೆರಗು ಒದ್ದೆಯಾಗಿತ್ತು. "ಏನಾತ ಆಯಿ?" ಎಂದರೆ ನನ್ನನ್ನು ಅವ್ವನ ಹೆಸರಿನಿಂದ ಕರೆದು, "ಎಮ್ಮಿ ಹಿಂಡಿದೇನ?" ಎಂದಳು. ಹಿಂಡಿ ಆಗಿದೆ ಎಂದೆ. ಮತ್ತೆ ಅದನ್ನೇ ಕೇಳಿದಳು. ನಾಲಿಗೆ ತೊದಲುತ್ತಿತ್ತು.

ಈಗ ನಾನು ಮಾಡಿದ್ದೇನು ಗೊತ್ತೇ? ಪುಸ್ತಕ ಹುಡುಕಿದೆ. ನಗಬೇಡಿ. ಈ ಪ್ರಶ್ನೆ ಪರೀಕ್ಷೆಗೆ ಬಂದಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಆಯಿ ಕಣ್ಣೆದುರು ಬೆವರುತ್ತಿದ್ದಾಗ ಒಂದು ಅಕ್ಷರವೂ ನೆನಪಾಗಲಿಲ್ಲ. ಪುಸ್ತಕ ಬಿಸಾಕಿ, ನೆರೆಮನೆಯ ಕಾಕೂಳನ್ನು ಆಯಿಯ ಹತ್ತಿರ ಕೂರಿಸಿ, ಬರಿಗಾಲಿನಲ್ಲಿ ದವಾಖಾನೆಗೆ ಓಡಿದೆ. ಸೋಮವಾರ ಡಾಕ್ಟರು ಔಷಧ ತರಲು ಮಿರಜಿಗೆ ಹೋಗುವ ದಿನ. ದಸ್ತಗೀರ ಕಾಕಾ ಒಬ್ಬನೇ ಇದ್ದ. ನಾನು ಇನ್ನೂ ಏದುಸಿರು ಬಿಡುತ್ತಿರುವಾಗಲೇ ಒಂದೇ ಮಾತು ಕೇಳಿದ.

"ಉಂಡಾಳೇನ?"

"ಇಲ್ಲ. ನಿರಂಕಾರ."

"ಗುಳಗಿ?"

ನಾನು ಹೂಂ ಎನ್ನುವಷ್ಟರಲ್ಲಿ ಅವನು ಸೈಕಲ್ಲು ಹತ್ತಿಬಿಟ್ಟಿದ್ದ.

ನಾನು ಮನೆ ಮುಟ್ಟುವಷ್ಟರಲ್ಲಿ ಅವನು ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಬೆಲ್ಲ ಕುಟ್ಟಿ ಕರಗಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದ. "ನುಂಗ್ರಿ ಆಯಿ. ಹಂಗ. ಇನ್ನೊಂದ ಗುಟುಕ." ಒಂದು ಬಟ್ಟಲು ಮುಗಿಯಿತು. ಎರಡನೆಯದು ಅರ್ಧವಾಗುವಾಗ ಆಯಿಯ ದೃಷ್ಟಿ ನೆಲೆಗೆ ಬಂತು. ಸುತ್ತ ನೋಡಿದಳು, ಬಟ್ಟಲು ನೋಡಿದಳು, ತುಟಿ ಸವರಿಕೊಂಡಳು. ಮೊದಲು ಆಡಿದ ಮಾತು ಇದು: "ಭಾಡ್ಯಾ, ನನ್ನ ನಿರಂಕಾರ ಕೆಡಿಸಿದೇನೋ ದಸ್ತಗೀರಾ! ಲಗ್ನ ಆಗಿ ಬಂದಾಗಿಂದ ಒಂದ ಸೋಮವಾರ ಬಿಟ್ಟಾಕಿ ಅಲ್ಲ ನಾ!"

ನಾನು ಅಳುತ್ತ ನಗತೊಡಗಿದೆ. ದಸ್ತಗೀರ ಕಾಕಾ, "ಇದು ಬೆಲ್ಲ ಅಲ್ರಿ ಆಯಿ, ಔಷಧ. ನಮ್ಮಾಗೂ ಜಡ್ಡಾದಾವ್ರಿಗೆ ರೋಜಾ ಮಾಫ ಐತಿ. ನಿಮ್ಮ ಶಿವಪ್ಪ ಏನ ನಮ್ಮಾವಗಿಂತ ಕಟುಕನ?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಈಗ ಅನ್ನ ಹಾಲು ಕಲಿಸಿ ತಾ. ಬೆಲ್ಲದ ಜೋರು ತಾಸಿನ್ಯಾಗ ಮುಗೀತೈತಿ. ಗುಳಗೀದು ದಿನಾ ಪೂರ್ತಿ ಇರತೈತಿ, ಉಣ್ಣದಿದ್ರ ಮತ್ತ ಸಕ್ರಿ ಇಳೀತೈತಿ" ಎಂದ.

ಅಷ್ಟರಲ್ಲಿ ಯಾರೋ ಹೇಳಿ ಅಪ್ಪ ಹೊಲದಿಂದ ಕೆಸರುಗಾಲಿನಲ್ಲೇ ಓಡಿಬಂದ. ತನ್ನ ಅವ್ವನನ್ನು ನೋಡಿದ, ಎದೆ ಮುಟ್ಟಿಕೊಂಡ. ಆಮೇಲೆ ಮಾಡದತ್ತ ಹೋಗಿ ಡಬ್ಬಿ ಕೈಗೆ ತೆಗೆದುಕೊಂಡು, ಎಲ್ಲರ ಕಡೆ ತಿರುಗಿ ಕೇಳಿದ: "ನಿರಂಕಾರ ಇದ್ದಾಕಿಗೆ ಗುಳಗಿ ಯಾರು ಕೊಟ್ರು?"

ನನಗೆ ರಾಯಬಾಗದ ಆ ಮನೆಯ ಹೊಸ್ತಿಲು ಕಣ್ಣಿಗೆ ಕಟ್ಟಿತು. ನಾನೇ ಎಂದು ಹೇಳಬೇಕಾಗಿತ್ತು.

"ಯಾರು ಕೊಡ್ತಾರೋ? ನಾನ ನುಂಗೀನಿ" ಎಂದಳು ಆಯಿ. "ವಾರ ಮರತಿದ್ದೆ. ವಯಸ್ಸಾತು, ಅರವು ಮರವು. ಈ ಕೂಸು ಇರದಿದ್ರ ದಸ್ತಗೀರನ್ನ ಕರಕೊಂಡ ಬರಾವ್ರು ಯಾರಿದ್ರು?"

ಸೋಮವಾರ ಮರೆತಳಂತೆ ನಮ್ಮ ಆಯಿ! ಅಮಾವಾಸ್ಯೆ, ಹುಣ್ಣಿಮೆ, ಏಕಾದಶಿಗಳನ್ನು ಓಣಿಗೆಲ್ಲ ಹೇಳುತ್ತಿದ್ದವಳು. ದಸ್ತಗೀರ ಕಾಕಾ ಅಪ್ಪನ ಕೈಯಿಂದ ಮೆಲ್ಲಗೆ ಡಬ್ಬಿ ತೆಗೆದುಕೊಂಡು, ನನ್ನ ದುಂಡಗಿನ ಅಕ್ಷರಗಳನ್ನು ಒಂದು ಸಲ ಓದಿ, ಅಂಗಿಯ ಕಿಸೆಗೆ ಹಾಕಿಕೊಂಡ. "ಇದು ನನ್ನ ಹಂತೇಕ ಇರ್ಲಿ, ಗುಳಗಿ ಬದಲಿ ಮಾಡಿ ಕೊಡತೇನಿ" ಎಂದ. ಮಧ್ಯಾಹ್ನದ ಬಸ್ಸಿಗೆ ಡಾಕ್ಟರು ಬಂದು ನೋಡಿ, ಎರಡೆರಡು ತಾಸಿಗೆ ಏನಾದರೂ ತಿನ್ನಿಸಿ, ನಾಳೆ ಮುಂಜಾನೆಯ ತನಕ ಒಬ್ಬಳನ್ನೇ ಬಿಡಬೇಡಿ ಎಂದು ಹೇಳಿಹೋದರು. ಪಂಚಮಿಯಲ್ಲಿ ಉಳಿದಿದ್ದ ಶೇಂಗಾ ಉಂಡಿಗಳನ್ನೆಲ್ಲ ಆಯಿ ಆ ದಿನ ಡಾಕ್ಟರ ಅಪ್ಪಣೆಯ ಮೇಲೆ ತಿಂದಳು. ಬ್ಯಾನಿ ಬಂದ ಮೇಲೆ ಅವಳಿಗೆ ಅಷ್ಟು ಸುಖದ ದಿನ ಇನ್ನೊಂದು ಸಿಕ್ಕಿರಲಿಕ್ಕಿಲ್ಲ.

ಮರುದಿನ ದಸ್ತಗೀರ ಕಾಕಾನ ಮುಂದೆ ತಲೆ ತಗ್ಗಿಸಿ ನಿಂತೆ. ಬೈಯುತ್ತಾನೆಂದುಕೊಂಡಿದ್ದೆ, ಬೈಯಲಿಲ್ಲ. "ಸೂಟಿ ಎಷ್ಟ ದಿನಾ ಐತಿ?" ಎಂದ. ಇನ್ನೂ ಒಂದು ವಾರ ಎಂದೆ. "ಹಂಗಾರ ಇಲ್ಲೇ ಬಾಗಲದಾಗ ಕುಂಡ್ರು. ಬಂದಾವ್ರಿಗೆಲ್ಲ ಉಂಡು ಬಂದೀರೇನ್ರಿ ಅಂತ ಕೇಳು. ಮತ್ತೇನೂ ಮಾಡಬ್ಯಾಡ." ಒಂದು ವಾರ ಪೂರ್ತಿ ನಾನು ದವಾಖಾನೆಯ ಬಾಗಿಲಲ್ಲಿ ಕುಳಿತು ಅದೊಂದೇ ಮಾತು ಕೇಳಿದೆ. ಕೆಲವರು ಸುಸಂಸ್ಕೃತ ಹುಡುಗಿ ಎಂದು ಹೊಗಳಿದರು. ಶಿರಗುಪ್ಪಿಯಿಂದ ಬಂದ ಒಬ್ಬ ಮುದುಕ, "ಇಲ್ಲವಾ, ನಿಮ್ಮ ಮನ್ಯಾಗ ಏನ ಮಾಡ್ಯಾರ?" ಎಂದು ಎದ್ದೇ ನಿಂತ. ಆದರೆ ಆ ಒಂದು ಪ್ರಶ್ನೆಗೆ ಜನ ಎಷ್ಟು ಹೇಳಿಕೊಂಡರು! ಹಲ್ಲಿಲ್ಲದ್ದಕ್ಕೆ ಉಣ್ಣದವರು, ಸೊಸೆಯ ಮೇಲಿನ ಸಿಟ್ಟಿಗೆ ಉಣ್ಣದವರು, ವಾರ ಹಿಡಿದವರು, ಹರಕೆ ಹೊತ್ತವರು. ನನ್ನ ಐದು ಸೂತ್ರಗಳಲ್ಲಿ ಇವರು ಯಾರೂ ಇರಲಿಲ್ಲ.

ಮುಂದಿನ ಸೋಮವಾರ ಆಯಿ ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟಳು. ನನ್ನ ಕಾಗದ ಹೋಗಿ ಕಾಕಾನ ಪಟ್ಟಿ ಮರಳಿ ಬಂದಿತ್ತು. "ಏನಂತೈತಿ ಬೇ ಇವತ್ತ ನಿನ್ನ ಪುಸ್ತಕಾ?" ಎಂದು ಕಣ್ಣು ಮಿಟುಕಿಸಿದಳು.

"ಗಂಗಾಳ ಇಲ್ಲಂದ್ರ ಗುಳಗಿ ಇಲ್ಲ ಅಂತೈತಿ ಆಯಿ" ಎಂದೆ.

ನಾನು ಓದು ಮುಗಿಸಿದೆ. ಅಥಣಿಯಲ್ಲಿ ಅಂಗಡಿ ಇಟ್ಟೆ. ರಾಯಬಾಗದವರು ಕಾಯದೆ ಬೇರೆ ಹೆಣ್ಣು ತಂದುಕೊಂಡರು, ನನಗೂ ಕೆಲವು ವರ್ಷದ ಮೇಲೆ ಒಳ್ಳೆಯ ಮನೆಯೇ ಸಿಕ್ಕಿತು. ಆಯಿ ನನ್ನ ಅಂಗಡಿಯ ಪೂಜೆಗೆ ಬಂದು ಬಾಗಿಲಲ್ಲಿ ಕುಳಿತು ಬಂದವರಿಗೆಲ್ಲ ಉಂಡು ಬಂದೀರೇನೆಂದು ಕೇಳಿದಳು. ಅದಾದ ಎರಡು ವರ್ಷಕ್ಕೆ ವಯಸ್ಸಾಗಿ, ನೆಮ್ಮದಿಯಿಂದ ಹೋದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅಪ್ಪ ಅಂಗಡಿಗೆ ಬಂದ. ಚೀಟಿಯನ್ನು ನನ್ನ ಮುಂದಿಟ್ಟ. ಅದೇ ಸಣ್ಣ ಬಿಳಿ ಗುಳಿಗೆ. ಬ್ಯಾನಿ ಅವ್ವನಿಂದ ಮಗನಿಗೆ ಬಂದಿತ್ತು. ನಾನು ತಲೆ ಎತ್ತದೆ ರೂಢಿಯಂತೆ, "ಉಂಡು ಬಂದೀರೇನ್ರಿ?" ಎಂದೆ.

"ಇಲ್ರಿ ಬಾಯಾರ" ಎಂದು ಅಪ್ಪ ನಕ್ಕ. ಆಮೇಲೆ ಸುಮ್ಮನೆ ಅಂಗಡಿಯ ಒಳಗನ್ನೆಲ್ಲ ನೋಡುತ್ತ ನಿಂತ. ಈಗ ಹೇಳದಿದ್ದರೆ ಇನ್ನು ಯಾವಾಗಲೂ ಹೇಳಲಾರೆ ಎನಿಸಿತು.

"ಅಪ್ಪಾ, ಅವತ್ತ ಆಯಿಗೆ ಗುಳಗಿ ಕೊಟ್ಟಾಕಿ ನಾನು."

"ಗೊತ್ತೈತಿ."

"ಆಯಿ ಹೇಳಿದ್ಲೇನ?"

"ಆಕಿ ಯಾಕ ಹೇಳತಾಳ? ಡಬ್ಬಿ ಮೊದಲ ನನ್ನ ಕೈಯಾಗ ಇತ್ತಲ್ಲ. ಅಕ್ಷರ ನಮ್ಮವ್ವಗ ಬರತಿರಲಿಲ್ಲ, ನನಗ ಬರತಾವು. ಕೆಳಗ ಗೀಟು ಬ್ಯಾರೆ ಎಳದಿದ್ದಿ."

"ಮತ್ತ ಯಾಕ ಸುಮ್ಮನಿದ್ದಿ?"

ಅಪ್ಪ ಗಲ್ಲಾಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕುಳಿತ. "ನಮ್ಮವ್ವ ಸಾಯಾಕ ಹತ್ತಿದ್ದಾಕಿ ಬಾಯಿ ಬಿಟ್ಟ ನಿನ್ನ ಉಳಿಸಿದ್ಲು. ಆಕಿ ಮುಂದ ನಾ ಏನ ಮಾತಾಡ್ಲಿ?"

ನಾನು ಗುಳಿಗೆ ತೆಗೆದು ಅವನ ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಮನೆಯಿಂದ ತಂದ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿ ಪಲ್ಯವನ್ನು ತೊಡೆಯ ಮೇಲೆ ಹರವಿಕೊಂಡು, ಆಮೇಲೆ ನನ್ನ ಕಡೆ ಕೈ ಚಾಚಿದ.